ಟ್ರಂಕಿನಲ್ಲಿಡಲು ಹೆಣೆಯಬೇಡಿ

ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ಓಡಾಡುವವರಿಗೆ ಸತ್ತೂರ ಅಂದರೆ ಎಸ್‌ಡಿಎಂ ಆಸ್ಪತ್ರೆ. ನನ್ನ ಮನೆ ಅಲ್ಲಿಂದ ದೂರವಿಲ್ಲ. ಹಾಗಾಗಿ ನನ್ನ ಕ್ರೋಶಾ ಕೆಲಸಕ್ಕೆ ಬರುವ ಕೇಳಿಕೆಗಳಲ್ಲಿ ಬಹುಪಾಲು ಹಸುಗೂಸುಗಳದ್ದು: ಕುಲಾಯಿ, ಕುಂಚಗಿ, ಕಾಲುಚೀಲ, ತೊಟ್ಟಿಲಿಗೆ ಹಾಸುವ ಬಟ್ಟೆ. ಮೊಮ್ಮಗ ಹುಟ್ಟಿದ ಸಂಭ್ರಮದಲ್ಲಿ ಬಂದ ಅಜ್ಜಿಯೊಬ್ಬರು ಅಂಗಳದಲ್ಲೇ ನಿಂತು, "ಅಕ್ಕಾರ, ತೊಟ್ಟಿಲದ ಕಾರ್ಯಕ್ಕ ಒಂದ ಛಲೋ ಕುಂಚಗಿ ಹೆಣದ ಕೊಡ್ರಿ. ಮುತ್ತ ಹಚ್ರಿ, ಜಾಳಿಗಿ ಬಿಡ್ರಿ, ನೋಡಿದವ್ರು ಹೌದನ್ನಬೇಕು" ಅಂದರು. ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಅವರಿಗೂ ಕೇಳಿದೆ: "ಅಮ್ಮಾ, ಕುಂಚಗಿ ನೋಡೋರಿಗೇನ್ರಿ, ಕೂಸಿಗೇನ್ರಿ?"

ಕೂಸಿಗೆ ಅಂದರೆ ಮುತ್ತು ಬೇಡ, ಗುಂಡಿ ಬೇಡ, ಅಗಲ ಜಾಳಿಗೆಯೂ ಬೇಡ. ಎಳೆಗೂಸಿನ ಬೆರಳು ಕಡಲೆಕಾಳಿನಷ್ಟು. ಜಾಳಿಗೆಯ ಕಂಡಿಯಲ್ಲಿ ಸಿಕ್ಕಿಕೊಂಡರೆ ಎಳೆದುಕೊಳ್ಳಲು ಅದಕ್ಕೆ ಬರುವುದಿಲ್ಲ. ದಾರದ ಎಳೆಯೊಂದು ಬೆರಳಿಗೆ ಸುತ್ತಿಕೊಂಡು ರಕ್ತದ ಓಡಾಟ ನಿಂತು ಬೆರಳು ಊದಿ ಕೆಂಪಾಗುವ ಪ್ರಸಂಗಗಳು ಮಕ್ಕಳ ಡಾಕ್ಟರರಿಗೆ ಗೊತ್ತಿರುವಂಥವೇ. ಆದ್ದರಿಂದ ಕೂಸಿನ ಕಾಲುಚೀಲ, ಕೈಚೀಲಗಳನ್ನು ನಾನು ಒತ್ತಾಗಿ ಹೆಣೆಯುತ್ತೇನೆ. ಒಳಗೆ ಒಂದೇ ಒಂದು ತುದಿಯೂ ನೇತಾಡದಂತೆ ಹೊಲಿದು ಮುಗಿಸುತ್ತೇನೆ. ಗದ್ದದ ಕೆಳಗೆ ಕಟ್ಟುವ ಉದ್ದನೆಯ ಲಾಡಿಯನ್ನು ಕೈಬಿಟ್ಟಿದ್ದೇನೆ. ಕುಲಾಯಿಯ ಅಂಚನ್ನೇ ಹಿಗ್ಗುವಂತೆ ಹೆಣೆದರೆ ಅದು ತಾನಾಗಿ ತಲೆಗೆ ಕೂಡುತ್ತದೆ. ಮನೆಯೊಳಗೆ ಕೂಸು ಮಲಗಿದಾಗ ಕುಲಾಯಿ ತೆಗೆದಿಡಿ ಅಂತಲೂ ಹೇಳಿ ಕಳಿಸುತ್ತೇನೆ. ಅದು ಮುಖದ ಮೇಲೆ ಸರಿದೀತು, ಮೈ ಸೆಕೆಯೇರೀತು. ಅಂದವನ್ನು ಬಣ್ಣದಲ್ಲಿ ತರಬಹುದು, ಅಂಚಿನ ಪುಟ್ಟ ಕಮಾನುಗಳಲ್ಲಿ ತರಬಹುದು. ಆ ಅಜ್ಜಿ ಕೊನೆಗೆ ಮುತ್ತಿಲ್ಲದ ಹಳದಿ ಕುಂಚಗಿ ಒಯ್ದರು. ಚಳಿಗಾಲ ಮುಗಿಯುವವರೆಗೆ ಕೂಸು ಅದನ್ನೇ ತೊಟ್ಟಿತಂತೆ, ತೊಳೆದು ತೊಳೆದು ಮೆತ್ತಗಾಯಿತಂತೆ. ಅದನ್ನು ಕೇಳಿದಾಗ ನನಗಾದ ಸಂತೋಷ ದೊಡ್ಡದು.

ಈ ಕೆಲಸ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಕ್ರೋಶಾ ಅಂದರೆ ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿ, ಒಂದೇ ದಾರ. ಸ್ವೆಟರ್ ಹೆಣೆಯುವಾಗ ಎರಡು ಕಡ್ಡಿಗಳ ಮೇಲೆ ಇಡೀ ಸಾಲಿನ ಕುಣಿಕೆಗಳು ಜೀವಂತವಾಗಿ ಕೂತಿರುತ್ತವೆ. ಕಡ್ಡಿ ಜಾರಿದರೆ ಎಲ್ಲ ಬಿಚ್ಚಿಕೊಳ್ಳುತ್ತವೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ಒಂದೇ ಕುಣಿಕೆ ತೆರೆದಿರುತ್ತದೆ, ಉಳಿದದ್ದೆಲ್ಲ ಅಲ್ಲಲ್ಲೇ ಮುಗಿದು ಕೂತಿರುತ್ತದೆ. ಕುಕ್ಕರ್ ಸೀಟಿ ಹೊಡೆದರೆ ಇಟ್ಟು ಎದ್ದು ಹೋಗಬಹುದು, ಬಸ್ಸಿನಲ್ಲಿ ಹೆಣೆಯಬಹುದು, ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕಾಯುತ್ತ ಹೆಣೆಯಬಹುದು. ಮನೆಗೆಲಸದ ನಡುವೆ ತುಂಡುತುಂಡಾಗಿ ಸಿಗುವ ಸಮಯಕ್ಕೆ ಇಷ್ಟು ಚೆನ್ನಾಗಿ ಹೊಂದುವ ಕೈಕೆಲಸ ನಾನು ಬೇರೆ ಕಂಡಿಲ್ಲ. ನಮ್ಮ ಧಾರವಾಡದ ಹೆಮ್ಮೆ ಕಸೂತಿ. ಗವಂತಿ, ಮುರ್ಗಿ, ನೇಗಿ, ಮೆಂತೆ ಹೊಲಿಗೆಗಳನ್ನು ಬಟ್ಟೆಯ ಎಳೆ ಎಣಿಸಿ ಹಾಕಬೇಕು, ಕಣ್ಣು ಕದಲಿಸುವಂತಿಲ್ಲ. ಕಸೂತಿಗೆ ಮೊದಲೇ ಬಟ್ಟೆ ಇರಬೇಕು. ಕ್ರೋಶಾದಲ್ಲಿ ಬಟ್ಟೆಯೇ ನಿಮ್ಮ ಕೈಯಲ್ಲಿ ಹುಟ್ಟುತ್ತದೆ.

ಮೂಲ ಹೊಲಿಗೆಗಳು ಬೆರಳೆಣಿಕೆಯಷ್ಟೇ. ಕುಣಿಕೆಯೊಳಗಿಂದ ದಾರ ಎಳೆದರೆ ಸರಪಳಿ. ದಾರವನ್ನು ಕಡ್ಡಿಗೆ ಒಮ್ಮೆ ಸುತ್ತಿ, ಕೆಳಗಿನ ಸಾಲಿನಲ್ಲಿ ಕೊಕ್ಕೆ ತೂರಿಸಿ ಎಳೆದು, ಎರಡೆರಡಾಗಿ ಬಿಡಿಸಿದರೆ ಕಂಬ. ಸುತ್ತದೆಯೇ ಎಳೆದರೆ ಗಿಡ್ಡ ಕಂಬ, ಎರಡು ಸುತ್ತಿದರೆ ಉದ್ದ ಕಂಬ. ಹೂವು, ಎಲೆ, ಅನಾನಸು, ನವಿಲು ಎಲ್ಲವೂ ಇವುಗಳದ್ದೇ ಜೋಡಣೆ. ಮೊಬೈಲಿನಲ್ಲಿ ನೋಡಿ ಕಲಿಯುವವರಿಗೆ ಒಂದು ಎಚ್ಚರಿಕೆ: ಅಮೆರಿಕದವರು ಡಬಲ್ ಅನ್ನುವುದನ್ನು ಇಂಗ್ಲೆಂಡಿನವರು ಟ್ರೆಬಲ್ ಅನ್ನುತ್ತಾರೆ. ಯಾರ ಮಾದರಿ ಅಂತ ನೋಡದೆ ಶುರು ಮಾಡಿದರೆ ಅಳತೆ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಜಪಾನಿನ ಪುಸ್ತಕಗಳಲ್ಲಿ ಎಲ್ಲವೂ ಚಿಹ್ನೆಗಳ ಚಿತ್ರದಲ್ಲಿರುತ್ತದೆ. ಅಕ್ಷರ ಬಾರದವರೂ ಅದನ್ನು ನೋಡಿ ಹೆಣೆಯಬಹುದು, ನನ್ನಲ್ಲಿಗೆ ಬರುವವರಿಗೆ ನಾನು ಕಲಿಸುವುದು ಆ ಚಿತ್ರಗಳಿಂದಲೇ.

ಇನ್ನೊಂದು ಸಂಗತಿ ಕೊಳ್ಳುವವರಿಗೆ ತಿಳಿದಿರಬೇಕು. ಹೆಣಿಗೆಗೆ ಯಂತ್ರ ಬಂತು, ಲೇಸಿಗೆ ಯಂತ್ರ ಬಂತು. ನಿಜವಾದ ಕ್ರೋಶಾವನ್ನು ಮಾತ್ರ ಇವತ್ತಿಗೂ ಕಾರ್ಖಾನೆಗಳು ಕೈಯಿಂದಲೇ ಮಾಡಿಸುತ್ತವೆ. ಅಂಗಡಿಯಲ್ಲಿ ಅಸಲಿ ಕ್ರೋಶಾದ ಅಂಗಿಯೊಂದು ಪುಡಿಗಾಸಿಗೆ ಸಿಕ್ಕರೆ, ಎಲ್ಲೋ ಒಬ್ಬ ಹೆಣ್ಣುಮಗಳಿಗೆ ಅದಕ್ಕಿಂತ ಎಷ್ಟೋ ಕಡಿಮೆ ಕೂಲಿ ಸಿಕ್ಕಿದೆ ಅಂತಲೇ ಅರ್ಥ. ಬೆಲೆಯ ಮಾತನ್ನು ಮುಂದೆ ಹೇಳುತ್ತೇನೆ.

ಮೊದಲು ದಾರ. ನಾನು ದಾರಕ್ಕೆ ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋಗುತ್ತೇನೆ, ಅವಸರವಿದ್ದರೆ ಧಾರವಾಡದ ಸುಭಾಸ ರಸ್ತೆಗೆ. ಉಂಡೆಯ ಚೀಟಿಯ ಮೇಲೆ ನಂಬರ್ ಇರುತ್ತದೆ. ನಂಬರ್ ಹೆಚ್ಚಿದಷ್ಟೂ ದಾರ ಸಣ್ಣ: 10 ದಪ್ಪ, 20 ಮಧ್ಯಮ, 40 ಸಣ್ಣ, 80 ಕಣ್ಣಿಗೆ ಸವಾಲು. ಹೊಸಬರಿಗೆ 10ರ ದಾರ, ಅದಕ್ಕೆ ಒಂದೂವರೆ ಮಿಲಿಮೀಟರಿನ ಉಕ್ಕಿನ ಕಡ್ಡಿ ಸಾಕು. ಅದೇ ಚೀಟಿಯಲ್ಲಿ ಬಣ್ಣದ ಲಾಟ್ ನಂಬರೂ ಇರುತ್ತದೆ. ದೊಡ್ಡ ಕೆಲಸಕ್ಕೆ ಬೇಕಾದಷ್ಟು ಉಂಡೆಗಳನ್ನು ಒಂದೇ ಲಾಟಿನಲ್ಲಿ, ಒಂದೇ ಸಲಕ್ಕೆ ಕೊಳ್ಳಬೇಕು. ಬೇರೆ ಲಾಟಿನ ಬಿಳಿ ದಾರ ಅಂಗಡಿಯ ಬೆಳಕಿನಲ್ಲಿ ಹೊಂದುತ್ತದೆ, ಮನೆಯ ಬಿಸಿಲಿಗೆ ಹಿಡಿದಾಗ ಗೆರೆ ಎಳೆದಂತೆ ಬೇರೆ ಕಾಣುತ್ತದೆ.

ಹೊಳೆಯುವ ಹತ್ತಿದಾರಕ್ಕೆ ಮರ್ಸರೈಸ್ಡ್ ಅನ್ನುತ್ತಾರೆ. ಇಂಗ್ಲೆಂಡಿನ ಲ್ಯಾಂಕಾಷೈರಿನ ಜಾನ್ ಮರ್ಸರ್ 1844ರಲ್ಲಿ ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಎಳೆ ಉಬ್ಬಿ ಬಲವಾಗುತ್ತದೆ, ಬಣ್ಣವನ್ನು ಚೆನ್ನಾಗಿ ಹೀರುತ್ತದೆ ಅಂತ ಕಂಡುಕೊಂಡ. 1850ರಲ್ಲಿ ಪೇಟೆಂಟ್ ಪಡೆದ. ಆದರೆ ಎಳೆ ಕುಗ್ಗುತ್ತಿತ್ತು. ಅದ್ದುವಾಗ ಎಳೆಯನ್ನು ಬಿಗಿಯಾಗಿ ಜಗ್ಗಿ ಹಿಡಿದರೆ ಕುಗ್ಗುವುದಿಲ್ಲ, ರೇಷ್ಮೆಯ ಹೊಳಪೂ ಬರುತ್ತದೆ ಅಂತ 1890ರಲ್ಲಿ ತೋರಿಸಿದವನು ಹೊರೇಸ್ ಲೋ. ಇಂಥ ನುಣುಪು ದಾರಕ್ಕೆ ಉದ್ದ ಎಳೆಯ ಹತ್ತಿ ಬೇಕು. ಅಲ್ಲಿ ನಮ್ಮೂರ ಮಾತು ಬರುತ್ತದೆ. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಾತರಕಿ ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 1972ರಲ್ಲಿ ವರಲಕ್ಷ್ಮಿ ತಳಿಯನ್ನು ಕೊಟ್ಟರು. 1981ರಲ್ಲಿ ಅದೇ ಧಾರವಾಡದಿಂದ ಡಿಸಿಎಚ್-32 ಬಂತು, ರೈತರ ಬಾಯಲ್ಲಿ ಜಯಲಕ್ಷ್ಮಿ. ಎರಡೂ ಉದ್ದ ಎಳೆಯವು. ನಮ್ಮ ಕರಿಮಣ್ಣಿನ ಹೊಲಗಳಲ್ಲಿ ಅವು ಬಿಳಿಯಾಗಿ ಒಡೆದು ನಿಂತದ್ದನ್ನು ನೋಡುತ್ತ ಬೆಳೆದವಳು ನಾನು. ಸಣ್ಣ ದಾರದ ಉಂಡೆ ಕೈಗೆ ಬಂದಾಗ ಆ ಹೊಲ ನೆನಪಾಗದೆ ಇರುವುದಿಲ್ಲ.

ಮನೆ ಬಳಕೆಗೆ ನಾನು ಹತ್ತಿಯನ್ನೇ ಹಿಡಿದಿದ್ದೇನೆ. ಆಕ್ರಿಲಿಕ್ ಉಲ್ಲನ್ ಅಗ್ಗ, ಬಣ್ಣ ಝಗಝಗ. ಬಾಗಿಲ ತೋರಣಕ್ಕೆ ಎಲ್ಲರೂ ಅದನ್ನೇ ತರುತ್ತಾರೆ, ಅಡ್ಡಿಯಿಲ್ಲ. ಅಡುಗೆಮನೆಗೆ ಮಾತ್ರ ಅದು ಬರಲೇಬಾರದು. ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನು ಆಕ್ರಿಲಿಕ್‌ನಲ್ಲಿ ಹೆಣೆದರೆ ಶಾಖಕ್ಕೆ ಕರಗಿ ಕೈಗೆ ಅಂಟುತ್ತದೆ. ಹತ್ತಿದಾರವನ್ನು ಜೋಡಿ ಎಳೆಯಾಗಿ ಹಿಡಿದು ಒತ್ತಾಗಿ ಗಿಡ್ಡ ಕಂಬ ಹಾಕಿ, ಎರಡು ಪದರ ಮಾಡಿ ಅಂಚು ಕೂಡಿಸಿದರೆ ಬಿಸಿ ಪಾತ್ರೆಯನ್ನು ಗಟ್ಟಿಯಾಗಿ ಹಿಡಿದು ಇಳಿಸಬಹುದು. ಪಾತ್ರೆ ಒರೆಸುವ ಬಟ್ಟೆಗಾದರೆ ಹೊಳಪಿಲ್ಲದ ಸಾದಾ ಹತ್ತಿದಾರ ಮೇಲು, ನೀರು ಬೇಗ ಹೀರುತ್ತದೆ.

ನಮ್ಮ ಭಾಗದ ಮನೆಗೆ ಬೇಕಾದ್ದು ಏನು ಅಂತ ನೋಡಿ ಹೆಣೆಯಬೇಕು. ಪರದೇಶದ ಮಾದರಿ ಪುಸ್ತಕದಲ್ಲಿ ಟೀ ಕೆಟಲಿಗೆ ಉಲ್ಲನ್ ಅಂಗಿ ಇರುತ್ತದೆ. ನಮ್ಮಲ್ಲಿ ಕೆಟಲಿ ಎಷ್ಟು ಮನೆಗಳಲ್ಲಿದೆ? ನಮ್ಮ ಮನೆಯಲ್ಲಿ ಇರುವುದು ಜೋಳದ ರೊಟ್ಟಿಯ ಬುಟ್ಟಿ. ಬಿಸಿ ರೊಟ್ಟಿ ಹಾಗೇ ಮುಚ್ಚಿಟ್ಟರೆ ಬೆವರಿ ತಳ ಒದ್ದೆಯಾಗುತ್ತದೆ. ನಡುವೆ ತೆಳು ಹತ್ತಿಬಟ್ಟೆ, ಸುತ್ತ ಕ್ರೋಶಾ ಅಂಚು ಇರುವ ಚೌಕ ಹಾಸಿ ಮೇಲೆ ಮಡಚಿದರೆ ಹಬೆ ಬಟ್ಟೆಗೆ ಹೋಗುತ್ತದೆ, ರೊಟ್ಟಿ ಮೆತ್ತಗೆ ಉಳಿಯುತ್ತದೆ. ಹಾಲಿನ ಪಾತ್ರೆ, ಮೊಸರಿನ ಗಡಿಗೆ, ಕುಡಿಯುವ ನೀರಿನ ಕೊಡಗಳಿಗೆ ದುಂಡನೆಯ ಜಾಳಿಗೆ ಮುಚ್ಚಳ ಹೆಣೆದು ಅಂಚಿನುದ್ದಕ್ಕೂ ಗಾಜಿನ ಮಣಿ ಪೋಣಿಸುತ್ತೇನೆ. ಕೂಸಿಗೆ ಬೇಡವಾದ ಮಣಿ ಇಲ್ಲಿ ಬೇಕೇ ಬೇಕು, ಅದರ ಭಾರಕ್ಕೆ ಮುಚ್ಚಳ ಗಾಳಿಗೆ ಹಾರುವುದಿಲ್ಲ, ನೊಣ ಒಳಗೆ ಹೋಗುವುದಿಲ್ಲ. ಹಳೆಯ ಇಳಕಲ್ ಸೀರೆಯ ಮೈ ಹರಿದು ಸೆರಗು ಗಟ್ಟಿ ಉಳಿದಿದ್ದರೆ, ಸೆರಗನ್ನು ಕತ್ತರಿಸಿ ಸುತ್ತ ಅದೇ ಕೆಂಪಿನ ದಾರದಿಂದ ಅಂಚು ಕಟ್ಟಿ ದೇವರ ಮುಂದಿನ ಹಾಸು ಮಾಡಬಹುದು. ತಾಯಿಯ ಸೀರೆಯಿಂದ ಹಾಗೆ ಮಾಡಿಸಿಕೊಂಡು ಹೋದವರು ಬಹಳ ಜನ. ಆ ಉಡುಗೊರೆಯ ಮುಂದೆ ಬೇರೆ ಯಾವುದೂ ನಿಲ್ಲದು ಅಂತ ನನ್ನ ಅನಿಸಿಕೆ.

ದುಂಡನೆಯ ಕೆಲಸದಲ್ಲಿ ಹೊಸಬರು ಸೋಲುವುದು ಲೆಕ್ಕದಲ್ಲಿ. ಗಿಡ್ಡ ಕಂಬವಾದರೆ ಪ್ರತಿ ಸುತ್ತಿಗೆ 6, ಕಂಬವಾದರೆ 12 ಹೆಚ್ಚಿಸುತ್ತ ಹೋದರೆ ಚಕ್ರ ಚಪ್ಪಟೆಯಾಗಿ ಕೂಡುತ್ತದೆ. ಕಡಿಮೆಯಾದರೆ ಬಟ್ಟಲಿನಂತೆ ಮೇಲೇಳುತ್ತದೆ. ಕುಲಾಯಿ ಹುಟ್ಟುವುದೇ ಹೀಗೆ, ನೆತ್ತಿಯಷ್ಟು ಅಗಲವಾದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸುತ್ತೇವೆ. ಹೆಚ್ಚಾದರೆ ಅಂಚು ಅಲೆಯಲೆಯಾಗಿ ನಿಂತುಕೊಳ್ಳುತ್ತದೆ. ಈ ಅಲೆಯನ್ನು ನಾವು ಬಿಚ್ಚಿ ಸರಿಪಡಿಸುತ್ತೇವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ ಲಾಟ್ವಿಯಾದ ಡೈನಾ ತೈಮಿನಾ ಅದನ್ನೇ ಬೇಕೆಂದು ಹೆಣೆದರು. ಹೈಪರ್ಬೋಲಿಕ್ ಎಂಬ ಜಾತಿಯ ಜ್ಯಾಮಿತಿಯಲ್ಲಿ ಒಂದು ಗೆರೆಯ ಹೊರಗಿನ ಬಿಂದುವಿನ ಮೂಲಕ ಆ ಗೆರೆಯನ್ನು ಎಂದೂ ಮುಟ್ಟದ ಅನೇಕ ಗೆರೆಗಳು ಹೋಗುತ್ತವೆ. ಅದನ್ನು ತೋರಿಸಲು ಮಾಡುತ್ತಿದ್ದ ಕಾಗದದ ಮಾದರಿಗಳು ಹರಿದುಹೋಗುತ್ತಿದ್ದವು. 1997ರಲ್ಲಿ ಅವರು ಕ್ರೋಶಾ ಕಡ್ಡಿ ಹಿಡಿದು, ಒಂದೇ ಪ್ರಮಾಣದಲ್ಲಿ ಹೊಲಿಗೆ ಹೆಚ್ಚಿಸುತ್ತ, ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ಮಡಚಿ ನೋಡುವಂಥ ಮಾದರಿ ಮಾಡಿದರು. ನಮ್ಮ ಓಣಿಯ ಹೈಸ್ಕೂಲ್ ಹುಡುಗಿಗೆ ಇದನ್ನು ಹೇಳಿ ಒಂದು ಅಲೆ ಹೆಣೆದು ಕೊಟ್ಟೆ. "ಗಣಿತ ಹಿಂಗೂ ಇರತದೇನ್ರಿ ಆಂಟಿ!" ಅಂತ ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡೇ ಶಾಲೆಗೆ ಹೋದಳು.

ಉಡುಗೊರೆಯ ಮಾತಿಗೆ ಬಂದರೆ ರುಖವತವನ್ನು ಬಿಡುವಂತಿಲ್ಲ. ಮದುವೆಯಲ್ಲಿ ಹೆಣ್ಣಿನ ಕಡೆಯವರು ತಿಂಡಿ-ತಿನಿಸು, ಕೈಕೆಲಸಗಳನ್ನು ಮೇಜಿನ ಮೇಲೆ ಜೋಡಿಸಿ ತೋರಿಸುವ ಈ ಪದ್ಧತಿ ನಮ್ಮ ಭಾಗದ ಹಲವು ಮನೆತನಗಳಲ್ಲಿದೆ. ನನ್ನ ವಾರಿಗೆಯ ಹುಡುಗಿಯರು ಅದಕ್ಕಾಗಿ ಸಣ್ಣ ದಾರದಲ್ಲಿ ಅಪರೂಪದ ಕೆಲಸ ಮಾಡಿದ್ದಾರೆ: ರೇಡಿಯೋ ಹೊದಿಕೆ, ಟೇಬಲ್ ಕ್ಲಾತ್, ಹಂಸದ ಆಕಾರದ ಬುಟ್ಟಿ. ಮದುವೆ ಮುಗಿದ ಮೇಲೆ ಅವು ಎಲ್ಲಿಗೆ ಹೋದವು? ಗಂಜಿ ಹಾಕಿದ್ದನ್ನು ಹಾಗೇ ಮಡಚಿ ಟ್ರಂಕಿಗೆ ಹಾಕಿದರು. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ. ತೇವಕ್ಕೆ ಬೂಸು ಬಂತು, ಗಂಜಿಯ ಆಸೆಗೆ ಜಿರಳೆ ಬಂತು, ಮಡಿಕೆಯಲ್ಲೇ ಎಳೆ ತುಂಡಾಯಿತು. ಹೆಣೆದವಳು ಅದನ್ನು ಬಳಸಲಿಲ್ಲ, ಬಳಸಿದರೆ ಹೊಲಸಾಗುತ್ತದೆಂಬ ಅಂಜಿಕೆ. ಸೊಸೆಗೆ ಅದು ಬೇಕಾಗಲಿಲ್ಲ. ಅಂಥ ಟ್ರಂಕುಗಳನ್ನು ತೆರೆದು ನನ್ನನ್ನು ಕರೆಸಿದವರ ಮನೆಗಳಲ್ಲಿ ನನಗೆ ಬಹಳ ನೋವಾಗಿದೆ. ನಿತ್ಯ ತೊಳೆದು ಬಳಸಿದ ಹತ್ತಿ ಕ್ರೋಶಾ, ಮುಚ್ಚಿಟ್ಟದ್ದಕ್ಕಿಂತ ಗಟ್ಟಿಯಾಗಿ ಉಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೂ ಇಡಲೇಬೇಕಾದರೆ ಗಂಜಿಯನ್ನು ಪೂರಾ ತೊಳೆದು, ಚೆನ್ನಾಗಿ ಒಣಗಿಸಿ, ಮಡಚದೆ ಬಿಳಿ ಬಟ್ಟೆಯೊಂದಿಗೆ ಸುರುಳಿ ಸುತ್ತಿ ಇಡಿ.

ಬಳಸುವ ಉಡುಗೊರೆಗೆ ದೊಡ್ಡ ಉದಾಹರಣೆಯೂ ಇದೆ. ವಿಕ್ಟೋರಿಯಾ ರಾಣಿ 80 ದಾಟಿದ ವಯಸ್ಸಿನಲ್ಲಿ, 1900ರಲ್ಲಿ, ದಕ್ಷಿಣ ಆಫ್ರಿಕಾದ ಯುದ್ಧದಲ್ಲಿದ್ದ ಸೈನಿಕರಿಗಾಗಿ ಖಾಕಿ ಉಲ್ಲನ್ನಿನಲ್ಲಿ ಮಫ್ಲರುಗಳನ್ನು ಕ್ರೋಶಾ ಹಾಕಿದಳು. ಎಂಟು ಜನ ಸೈನಿಕರಿಗೆ ಅವು ಸಿಕ್ಕವು. ಕೊಡಲು ಚಿನ್ನ-ಬೆಳ್ಳಿ ಇಲ್ಲದವಳಲ್ಲ ಅವಳು.

ಈಗ ಬೆಲೆಯ ಮಾತು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರಗಾಲ ಬಿದ್ದಾಗ ಮಠದ ಸನ್ಯಾಸಿನಿಯರು, ಕ್ಲೋನ್ಸ್ ಊರಿನಲ್ಲಿ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್, ಬಡ ಹೆಂಗಸರಿಗೆ ಕ್ರೋಶಾ ಕಲಿಸಿದರು. ಆ ಲೇಸು ಮಾರಿ ಎಷ್ಟೋ ಮನೆಗಳು ಹೊಟ್ಟೆ ಹೊರೆದವು. ನಮ್ಮ ಪಕ್ಕದ ಆಂಧ್ರದ ಗೋದಾವರಿ ಸೀಮೆಯ ನರಸಾಪುರಕ್ಕೂ ಈ ಕೆಲಸ ಮಿಷನರಿಗಳ ಕೈಯಿಂದಲೇ ಬಂತು. ಒಬ್ಬಳು ಹೂವು ಹೆಣೆಯುತ್ತಾಳೆ, ಇನ್ನೊಬ್ಬಳು ಕೂಡಿಸುತ್ತಾಳೆ, ಮಾಲು ಹಡಗು ಹತ್ತುತ್ತದೆ. ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ ಅಲ್ಲಿದ್ದು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಬರೆದರು. ಆಕೆ ಕಂಡದ್ದು ಇಷ್ಟು: ದಿನವಿಡೀ ಹೆಣೆಯುವ ಹೆಂಗಸರನ್ನು ಎಲ್ಲರೂ ಗೃಹಿಣಿಯರೆಂದೇ ಕರೆದರು, ಅವರ ದುಡಿಮೆಯನ್ನು ಬಿಡುವಿನ ವೇಳೆಯ ಕೆಲಸ ಅಂದರು, ಆ ಹೆಸರಿನಲ್ಲೇ ಕೂಲಿಯನ್ನು ತೀರ ಕೆಳಗಿಟ್ಟರು, ಲಾಭ ವ್ಯಾಪಾರಿಗಳ ಪಾಲಾಯಿತು. ನರಸಾಪುರದ ಲೇಸಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಹೆಣೆಯುವ ಕೈಗೆ ಅದರ ಫಲ ಮುಟ್ಟಲಿ ಅಂತ ಮನಸಾರೆ ಬಯಸುತ್ತೇನೆ.

ನಮ್ಮಲ್ಲೂ ಮಾತು ಬೇರೆಯಲ್ಲ. "ಮನ್ಯಾಗ ಕುಂತ ಮಾಡೂದಲ್ಲೇನ್ರಿ, ದಾರದ ರೊಕ್ಕ ತಗೊಂಡ ಕೊಡ್ರಿ" ಅನ್ನುವವರಿದ್ದಾರೆ. ನನ್ನ ಬಳಿ ಕಲಿತ ಹುಡುಗಿಯರಿಗೆ ನಾನು ಮೊದಲ ದಿನವೇ ಗಡಿಯಾರ ನೋಡಿಕೊಂಡು ಹೆಣೆಯಲು ಹೇಳುತ್ತೇನೆ. ಎಷ್ಟು ತಾಸು ಹಿಡಿಯಿತು ಅಂತ ಚೀಟಿಯಲ್ಲಿ ಬರೆದಿಡಬೇಕು. ತಾಸಿನ ಕೂಲಿ ಗುಣಿಸಿ ದಾರದ ಖರ್ಚು ಕೂಡಿಸಿದರೆ ಅದೇ ಬೆಲೆ. ಆ ಚೀಟಿಯನ್ನು ಗಿರಾಕಿಗೆ ತೋರಿಸಲು ನಾಚಬಾರದು. ಬೆಲೆ ಹೆಚ್ಚಾಯಿತು ಅನ್ನುವವರಿಗೆ ಸಣ್ಣ ಸಾಮಾನು ತೋರಿಸಿ, ಕೂಲಿಯನ್ನು ಮಾತ್ರ ಇಳಿಸಬೇಡಿ. ಗೆಳತಿಗೆ, ಅಕ್ಕನ ಮಗಳಿಗೆ ಉಡುಗೊರೆ ಕೊಡುವಾಗ ಲೆಕ್ಕ ಬೇಡ, ಅದು ಪ್ರೀತಿಯ ದಾನ. ಆದರೆ ಮಾರುವಾಗ ದಾನ ಮಾಡುವ ಹಂಗು ನಿಮಗಿಲ್ಲ.

ಕಲಿಯುವ ಮನಸ್ಸಿದ್ದವರು ಇವತ್ತೇ ಒಂದು ಲೋಟದಡಿಯ ಚಕ್ರದಿಂದ ಶುರು ಮಾಡಬಹುದು. 10ರ ಬಿಳಿ ದಾರದಲ್ಲಿ 6 ಸರಪಳಿ ಹಾಕಿ, ಮೊದಲನೆಯದಕ್ಕೆ ಕೂಡಿಸಿ ಉಂಗುರ ಮಾಡಿ. 3 ಸರಪಳಿ ಎತ್ತರಿಸಿ. ಇದು ಒಂದು ಕಂಬದ ಲೆಕ್ಕ. ಉಂಗುರದೊಳಗೆ ಇನ್ನೂ 11 ಕಂಬ ಹಾಕಿ ಕೂಡಿಸಿದರೆ 12. ಎರಡನೆಯ ಸುತ್ತಿನಲ್ಲಿ ಪ್ರತಿ ಕಂಬದ ಮೇಲೆ ಎರಡೆರಡು, 24. ಮೂರನೆಯದರಲ್ಲಿ ಒಂದರ ಮೇಲೆ ಒಂದು, ಮುಂದಿನದರ ಮೇಲೆ ಎರಡು, 36. ಹೀಗೆ ಸುತ್ತಿಗೆ 12 ಏರಿಸುತ್ತ ಲೋಟದ ತಳಕ್ಕಿಂತ ಬೆರಳಗಲ ಹೆಚ್ಚಾಗುವವರೆಗೆ ಹೋಗಿ. ಅಂಚಿಗೆ, ಎರಡು ಕಂಬ ಬಿಟ್ಟು ಮೂರನೆಯದರಲ್ಲಿ 5 ಕಂಬ, ಮತ್ತೆರಡು ಬಿಟ್ಟು ಮೂರನೆಯದಕ್ಕೆ ಗಂಟಿಲ್ಲದೆ ಕೂಡಿಸಿ, ಕಮಾನು ಏಳುತ್ತದೆ. ಒಂದು ಕಮಾನಿಗೆ 6 ಕಂಬ ಬೇಕು, ನಿಮ್ಮ ಸುತ್ತಿನ ಎಣಿಕೆ ಯಾವಾಗಲೂ 12ರ ಮಗ್ಗಿಯಲ್ಲೇ ಇರುವುದರಿಂದ ಕೊನೆಗೆ ಹೆಚ್ಚು-ಕಡಿಮೆ ಉಳಿಯುವುದಿಲ್ಲ. ಮುಗಿದ ಮೇಲೆ ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಟವೆಲಿನಲ್ಲಿ ಒತ್ತಿ, ದಪ್ಪ ಹಾಸಿನ ಮೇಲೆ ಹರವಿ, ಪ್ರತಿ ಕಮಾನಿಗೂ ತುಕ್ಕು ಹಿಡಿಯದ ಟಾಚಣಿ ಚುಚ್ಚಿ ನೆರಳಲ್ಲಿ ಒಣಗಿಸಿ. ದಾರದ ತುದಿಯನ್ನು ಹತ್ತಿರ ಕತ್ತರಿಸಬೇಡಿ. ನಾಲ್ಕು ಬೆರಳಿನಷ್ಟು ಬಿಟ್ಟು, ಮೊಂಡು ಸೂಜಿಗೆ ಪೋಣಿಸಿ, ಹಿಂಬದಿಯ ಹೊಲಿಗೆಗಳಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನುಗ್ಗಿಸಿ ಆಮೇಲೆ ಕತ್ತರಿಸಿ. ಇಲ್ಲದಿದ್ದರೆ ಎರಡನೆಯ ಸಲ ತೊಳೆಯುವಷ್ಟರಲ್ಲಿ ಅಂಚು ಬಿಚ್ಚಿಕೊಳ್ಳುತ್ತದೆ.